ಹೆಣಿಗೆಗೆ ಮುಂಚಿನ ಕೆಲಸ

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭಕ್ಕೆ ಬರುವ ಅತಿಥಿಗಳಿಗೆ ಉಡುಗೊರೆಯಾಗಿ ಕೊಡಲು 60 ಹುಲ್ಲಿನ ಬುಟ್ಟಿಗಳನ್ನು ಹೆಣೆದುಕೊಡುವಂತೆ ಹಳ್ಳಿಯೊಂದರ ಕುಶಲಕರ್ಮಿಗಳ ಗುಂಪನ್ನು ಕೇಳಿಕೊಂಡಿದ್ದೆ. ಅಳತೆಯನ್ನು ಸೆಂಟಿಮೀಟರುಗಳಲ್ಲಿ ಬರೆದುಕೊಟ್ಟಿದ್ದೆ, ಬಣ್ಣದ ಮಾದರಿಯನ್ನು ಅಂಟಿಸಿದ್ದೆ, ತಲುಪಿಸಬೇಕಾದ ದಿನಾಂಕದ ಕೆಳಗೆ ಎರಡು ಗೆರೆ ಎಳೆದಿದ್ದೆ. ಗುಂಪಿನ ಹಿರಿಯ ಹೆಂಗಸು ಆ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು, "ಹುಲ್ಲು ಇನ್ನೂ ಹಸಿ ಇದೆ, ಮಳೆ ಬಿಡಲಿ, ಆಮೇಲೆ ಹೆಣೆದುಕೊಡುತ್ತೇವೆ" ಎಂದರು. ನಾನು ಅದನ್ನು ಕೆಲಸ ಮುಂದೂಡುವವರ ನೆವವೆಂದು ತಿಳಿದು, ದಿನಾಂಕ ಬದಲಾಗುವುದಿಲ್ಲವೆಂದು ವಿನಯದಿಂದಲೇ ಆದರೂ ಖಂಡಿತವಾಗಿ ಹೇಳಿ ಬಂದೆ. ಬುಟ್ಟಿಗಳು ಹೇಳಿದ ದಿನಕ್ಕೆ ಸರಿಯಾಗಿ ಬಂದವು. ಎರಡು ವಾರ ಕಳೆಯುವಷ್ಟರಲ್ಲಿ ಹಲವು ಬುಟ್ಟಿಗಳ ಒಳಮೈಯಲ್ಲಿ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿಯದವು ಒಣಗುತ್ತ ಒಣಗುತ್ತ ಕುಗ್ಗಿ, ಸುತ್ತುಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದವು.

ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು, ಆದರೆ ಅತಿಥಿಗಳಲ್ಲಿ ಯಾರೂ ನನ್ನನ್ನು ದೂರಲಿಲ್ಲ. "ಕೈಕೆಲಸದ ವಸ್ತುಗಳೇ ಹಾಗೆ, ಬಾಳಿಕೆ ಬರುವುದಿಲ್ಲ" ಎಂದು ಒಂದಿಬ್ಬರು ಹೇಳಿದ್ದು ಕಿವಿಗೆ ಬಿತ್ತು. ನನ್ನ ಅವಸರದ ಫಲವನ್ನು ಹೆಣೆದವರ ಕೈಗೆ ಕಟ್ಟುವ ಆ ಮಾತು ಅಂದಿನಿಂದ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಗ್ರಾಮೀಣ ಕುಶಲಕರ್ಮಿಗಳಿಗೆ ಬೆಂಬಲ ನೀಡಬೇಕು ಎನ್ನುವ ನಾವೆಲ್ಲರೂ ಸಾಮಾನ್ಯವಾಗಿ ನೋಡುವುದು ಹೆಣಿಗೆಯನ್ನು ಮಾತ್ರ. ಬೆರಳುಗಳ ಚುರುಕು, ವಿನ್ಯಾಸದ ಚೆಲುವು, ಮಾರಾಟದ ಮಳಿಗೆ, ಇವು ನಮ್ಮ ಕಣ್ಣಿಗೆ ಬೀಳುತ್ತವೆ. ಹೆಣಿಗೆಗೆ ಮುಂಚಿನ ಕೆಲಸ, ಅಂದರೆ ಹುಲ್ಲನ್ನೋ ಗರಿಯನ್ನೋ ತೊಗಟೆಯನ್ನೋ ಹೆಣೆಯಲು ತಕ್ಕ ನಾರಾಗಿ ಮಾಡುವ ಕೆಲಸ, ಲೆಕ್ಕಕ್ಕೇ ಬರುವುದಿಲ್ಲ. ಕರಕುಶಲ ಕಲೆಗಳು ಅಳಿಯುವುದು ಬಹುಪಾಲು ಅಲ್ಲಿಯೇ ಎಂಬುದು ನನ್ನ ಅನಿಸಿಕೆ.

ಆ ಕೆಲಸ ಎಷ್ಟು ದೊಡ್ಡದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೆಣಬಿನ ಕಾಂಡವನ್ನು ಕಟ್ಟು ಕಟ್ಟಿ ನೀರಿನಲ್ಲಿ ಮುಳುಗಿಸಿ ಕೊಳೆಸುತ್ತಾರೆ; ನೀರಿನ ಶಾಖಕ್ಕೆ ತಕ್ಕಂತೆ ಇದಕ್ಕೆ ಸುಮಾರು 10ರಿಂದ 20 ದಿನ ಬೇಕು. ಕೊಳೆಯುವುದು ಸಾಲದಿದ್ದರೆ ತೊಗಟೆ ನಾರನ್ನು ಬಿಡುವುದಿಲ್ಲ, ಅತಿಯಾದರೆ ನಾರೇ ಬಲ ಕಳೆದುಕೊಳ್ಳುತ್ತದೆ. ಆ ನಡುವಿನ ಹದವನ್ನು ತಿಳಿಯಲು ಇರುವ ಉಪಕರಣವೆಂದರೆ ನೀರಿಗಿಳಿದು ಕಾಂಡವನ್ನು ಮುಟ್ಟಿ ನೋಡುವ ಕೈ. ತೆಂಗಿನ ಬಿಳಿನಾರಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು: ಹಸಿರು ಕಾಯಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ 6ರಿಂದ 10 ತಿಂಗಳು ನೆನೆಹಾಕಿ, ತೆಗೆದು ಬಡಿದು, ತೊಳೆದು, ಆಮೇಲಷ್ಟೇ ಹುರಿ ಹೊಸೆಯುವುದು ಸಾಂಪ್ರದಾಯಿಕ ಕ್ರಮ. ತಮಿಳುನಾಡಿನ ಪತ್ತಮಡೈ ಊರಿನ ರೇಷ್ಮೆಯಂತೆ ಮಡಚಬಹುದಾದ ಚಾಪೆಗಳು ಹೆಸರುವಾಸಿಯಾದವು. ಅವುಗಳ ನಯದ ಗುಟ್ಟು ಮಗ್ಗದಲ್ಲಿರುವುದಕ್ಕಿಂತ ಹೆಚ್ಚಾಗಿ, ಕೋರೈ ಹುಲ್ಲನ್ನು ಹಸಿರಿದ್ದಾಗಲೇ ಕೊಯ್ದು, ಒಣಗಿಸಿ, ಹರಿಯುವ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಮತ್ತೆ ಒಣಗಿಸಿ, ಎಳೆ ಎಳೆಯಾಗಿ ಸೀಳುವುದರಲ್ಲಿದೆ. ಹರಿಯುವ ನೀರು ಎಂಬ ಮಾತನ್ನು ಗಮನಿಸಬೇಕು. ನದಿ ಬತ್ತಿದರೆ ಅಥವಾ ಕೊಳಕಾದರೆ ಚಾಪೆಯ ಗುಣವೂ ಬದಲಾಗುತ್ತದೆ.

ಬಿದಿರಿನ ವಿಷಯವೂ ಹೀಗೆಯೇ. ಎಳೆಯ ಬಿದಿರಿನಲ್ಲಿ ನೀರೂ ಪಿಷ್ಟವೂ ಹೆಚ್ಚಿರುವುದರಿಂದ ಅದರಿಂದ ತೆಗೆದ ದಬ್ಬೆ ಒಣಗುವಾಗ ಕುಗ್ಗುತ್ತದೆ, ಆ ಪಿಷ್ಟಕ್ಕೆ ಹುಳು ಬೀಳುತ್ತದೆ. ಆದ್ದರಿಂದ ಮೂರು ವರ್ಷ ದಾಟಿದ ಗಳುವನ್ನೇ ಆರಿಸಿ, ಮಳೆಗಾಲ ಮುಗಿದು ಒಣಹವೆ ಬಂದ ಮೇಲೆ ಕಡಿಯುವುದು ರೂಢಿ. ಒಂದು ಮೆಳೆಯಲ್ಲಿ ಯಾವ ಗಳು ಯಾವ ವರ್ಷದ್ದೆಂದು ಅದರ ಬಣ್ಣ ನೋಡಿ, ತಟ್ಟಿ ಬರುವ ಸದ್ದು ಕೇಳಿ ಹೇಳಬಲ್ಲವರನ್ನು ನಾನು ಕಂಡಿದ್ದೇನೆ. ಅವರ ಆ ತಿಳಿವಳಿಕೆಗೆ ಯಾವ ರಸೀದಿಯಲ್ಲೂ ಒಂದು ಸಾಲು ಸಿಗುವುದಿಲ್ಲ. ಅಂತಿಮ ಬೆಲೆಯಲ್ಲಿ ಅದು ಬುಟ್ಟಿಯ ಒಟ್ಟು ಮೊತ್ತದೊಳಗೆ ಕರಗಿಹೋಗುತ್ತದೆ, ಮತ್ತು ಚೌಕಾಸಿ ಮಾಡುವಾಗ ನಾವು ಮೊದಲು ಕತ್ತರಿಸುವುದು ಅದನ್ನೇ.

ಸಗಟಾಗಿ ಕೊಳ್ಳುವವರ ಲೆಕ್ಕ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಒಬ್ಬರು ದಿನಕ್ಕೆ ಎಷ್ಟು ಬುಟ್ಟಿ ಹೆಣೆಯುತ್ತಾರೆ, ಒಂದು ದಿನದ ಕೂಲಿ ಎಷ್ಟು, ಎರಡನ್ನೂ ಭಾಗಿಸಿದರೆ ಒಂದು ಬುಟ್ಟಿಯ ದರ. ಕೊಯ್ಲಿಗೆ ಹೋದ ದಿನಗಳು, ಹೊರೆ ಹೊತ್ತು ತಂದ ದಿನಗಳು, ಅಂಗಳದಲ್ಲಿ ಹರವಿ ಸಂಜೆ ಮೋಡ ಕಂಡಾಗ ಓಡಿಹೋಗಿ ಒಳಗೆ ಎಳೆದುಕೊಂಡ ದಿನಗಳು, ಸೀಳಿದ್ದು, ಬಣ್ಣ ಕಟ್ಟಿದ್ದು, ಕೆಟ್ಟುಹೋದ ಕಟ್ಟನ್ನು ಎಸೆದದ್ದು, ಇವೆಲ್ಲ "ಮನೆಗೆಲಸದ ನಡುವೆ ಮಾಡಿಕೊಳ್ಳುತ್ತಾರೆ" ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ಈ ಕೆಲಸಗಳಲ್ಲಿ ದೊಡ್ಡ ಪಾಲನ್ನು ಹೆಂಗಸರೇ ಮಾಡುವುದರಿಂದ ಆ ಮಾತು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಬಿಡುವಿನ ವೇಳೆಯ ಆದಾಯ ಎಂದು ಒಮ್ಮೆ ಹೆಸರಿಟ್ಟ ಮೇಲೆ ಅದಕ್ಕೆ ಪೂರ್ಣ ಕೂಲಿ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಮಕ್ಕಳು ಈ ಕೆಲಸವನ್ನು ಕಲಿಯುತ್ತಿಲ್ಲವೆಂದು ಸಭೆಗಳಲ್ಲಿ ಕೊರಗುವವರು ಮೊದಲು ಈ ಭಾಗಾಕಾರವನ್ನು ತಿದ್ದಬೇಕು. ಕೂಲಿ ಗಿಟ್ಟದ ವಿದ್ಯೆಯನ್ನು ಮಕ್ಕಳು ಬಿಟ್ಟರೆ ಅದು ಪರಂಪರೆಗೆ ತೋರಿದ ಅನಾದರವಲ್ಲ, ಲೆಕ್ಕ ಬರುತ್ತದೆಂಬುದರ ಗುರುತು.

ಇನ್ನು ಕಚ್ಚಾವಸ್ತುವೇ ಕೈಗೆ ಸಿಗದಿದ್ದರೆ? ಇಂಡೊನೇಷ್ಯದ ಪಪುವಾ ಪ್ರದೇಶದಲ್ಲಿ ಮರದ ನಾರಿನಿಂದಲೂ ಎಲೆಗಳಿಂದಲೂ ಮಾಡುವ ನೋಕೆನ್ ಎಂಬ ಜಾಳಿಗೆ ಚೀಲವನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ಸಂರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದು ಕ್ಷೀಣಿಸಲು ಕೊಟ್ಟ ಕಾರಣಗಳಲ್ಲಿ ಕಾರ್ಖಾನೆಯ ಚೀಲಗಳ ಪೈಪೋಟಿಯೊಂದಿಗೆ, ಸಾಂಪ್ರದಾಯಿಕ ಕಚ್ಚಾವಸ್ತು ಸುಲಭವಾಗಿ ಸಿಗದಿರುವುದೂ ಸೇರಿದೆ. ಘಾನಾದ ಉತ್ತರ ಭಾಗದ ಬೊಲ್ಗಟಾಂಗ ಬುಟ್ಟಿಗಳು ಇಂದು ಹಲವು ದೇಶಗಳ ಅಂಗಡಿಗಳಲ್ಲಿ ಕಾಣಸಿಗುತ್ತವೆ. ಆದರೆ ಅವುಗಳನ್ನು ಹೆಣೆಯುವವರು ಹುಲ್ಲಿಗಾಗಿ ಬಹಳ ಮಟ್ಟಿಗೆ ದೇಶದ ದಕ್ಷಿಣ ಭಾಗವನ್ನು ನೆಚ್ಚಿಕೊಂಡಿದ್ದಾರೆ. ಬುಟ್ಟಿಗೆ ಹೆಸರು ಒಂದು ಊರಿನದು, ಹುಲ್ಲು ಇನ್ನೊಂದು ಊರಿನದು ಎಂದಾದಾಗ, ಮಾರಾಟ ಹೆಚ್ಚಿದಷ್ಟೂ ಸಾಗಣೆಯವರಿಗೂ ಹುಲ್ಲಿನ ವ್ಯಾಪಾರಿಗಳಿಗೂ ಹೋಗುವ ಪಾಲು ಹೆಚ್ಚುತ್ತದೆ.

ಕೆಲವೊಮ್ಮೆ ಅಡ್ಡಿಯಾಗುವುದು ಕಾನೂನು. ಭಾರತದಲ್ಲಿ 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದು ಪರಿಗಣಿಸಿತ್ತು. ಸಸ್ಯಶಾಸ್ತ್ರದ ಪ್ರಕಾರ ಹುಲ್ಲಿನ ಕುಟುಂಬಕ್ಕೆ ಸೇರಿದ ಈ ಗಿಡ ಕಾಯ್ದೆಯ ಕಣ್ಣಿಗೆ ಮರವಾಗಿದ್ದುದರಿಂದ, ರೈತ ತನ್ನ ಬದುವಿನಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸುವುದಕ್ಕೂ ಪರವಾನಗಿಯ ತೊಡಕು ಇರುತ್ತಿತ್ತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಆ ವ್ಯಾಖ್ಯೆಯಿಂದ ಕೈಬಿಡುವ ತಿದ್ದುಪಡಿ ಬಂದದ್ದು 2017ರಲ್ಲಿ, ಅಂದರೆ 90 ವರ್ಷಗಳ ನಂತರ. ಈ ನಡುವೆ 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು, ಅಂದರೆ ಕಾಡಿನವರು ಸಂಗ್ರಹಿಸಿ ಮಾರಬಹುದಾದ ವಸ್ತುವೆಂದು, ಹೆಸರಿಸಿತ್ತು. ಹೀಗೆ ಒಂದೇ ಗಿಡ ಒಂದು ಕಾಯ್ದೆಯಲ್ಲಿ ಮರ, ಇನ್ನೊಂದರಲ್ಲಿ ಕಿರು ಉತ್ಪನ್ನ. ಮೊರ, ಬುಟ್ಟಿ ಹೆಣೆದು ಬದುಕುವವರು ಈ ಎರಡರ ನಡುವೆ ಗಳುವಿಗಾಗಿ ಅಲೆಯಬೇಕಾಯಿತು. ಪ್ರಕೃತಿಯೂ ತನ್ನದೇ ಆದ ತೊಡಕನ್ನು ಒಡ್ಡುತ್ತದೆ. ಹೆಬ್ಬಿದಿರು ಸುಮಾರು 40ರಿಂದ 50 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಒಣಗುತ್ತದೆ. ಹೊಸ ಮೆಳೆಗಳು ಕಡಿಯಲು ಯೋಗ್ಯವಾಗುವವರೆಗೆ ಒಂದು ಪ್ರದೇಶದ ಕಸುಬೇ ವರ್ಷಗಟ್ಟಲೆ ನಿಲ್ಲಬಹುದು. ಬಟ್ಟೆ ಗಿರಣಿಗೆ ಹತ್ತಿ ಸಿಗದಿದ್ದರೆ ಅದು ಸುದ್ದಿಯಾಗುತ್ತದೆ, ಬಿದಿರು ಹೂಬಿಟ್ಟಾಗ ಸುದ್ದಿಯಾಗುವುದು ಹೂವು ಮಾತ್ರ.

ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನ ಬ್ರೆಜಿಲ್‌ನ ಟೊಕಾಂಟಿನ್ಸ್ ರಾಜ್ಯದ ಜಲಾಪಾಂವ್ ಪ್ರದೇಶದ್ದು. ಅಲ್ಲಿನ 'ಚಿನ್ನದ ಹುಲ್ಲು' ನಿಜವಾಗಿ ಹುಲ್ಲಲ್ಲ, ತೇವದ ಬಯಲಿನಲ್ಲಿ ಬೆಳೆಯುವ ಒಂದು ಸಣ್ಣ ಸಸ್ಯದ ಹೂದಂಟು. ಒಣಗಿದಾಗ ಹೊನ್ನಿನ ಹೊಳಪು ಬರುವ ಈ ದಂಟುಗಳನ್ನು ಸುತ್ತಿ, ಬುರಿಟಿ ತಾಳೆಯ ಎಳೆಗರಿಯ ನಾರಿನಿಂದ ಹೊಲಿದು ಬುಟ್ಟಿ, ತಟ್ಟೆ, ಆಭರಣಗಳನ್ನು ಮಾಡುತ್ತಾರೆ. ಬೇಡಿಕೆ ಏರಿದಾಗ ಕಾಯಿ ಬಲಿಯುವ ಮೊದಲೇ ಕಿತ್ತು ಮಾರುವ ಅಪಾಯ ತಲೆದೋರಿತು. ಅದಕ್ಕಾಗಿ ಸೆಪ್ಟೆಂಬರ್ 20ರಿಂದ ನವೆಂಬರ್ 30ರವರೆಗೆ ಮಾತ್ರ ಕೊಯ್ಲು ಮಾಡಬೇಕು, ದಂಟಿನ ತುದಿಯ ಹೂಗೊಂಚಲನ್ನು ಕತ್ತರಿಸಿ ಕೊಯ್ದ ಬಯಲಿನಲ್ಲೇ ಚೆಲ್ಲಬೇಕು ಎಂಬ ನಿಯಮಗಳು ಬಂದವು. ಹೆಣೆಯದ ಹಸಿ ದಂಟನ್ನು ಹೊರಗೆ ಮಾರುವುದಕ್ಕೂ ಕಡಿವಾಣ ಬಿತ್ತು. ಬೀಜ ಬಯಲಿನಲ್ಲಿ ಉಳಿಯಿತು, ಕೆಲಸ ಊರಿನಲ್ಲಿ ಉಳಿಯಿತು. ಈ ವಸ್ತುಗಳಿಗೆ 2011ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಒಂದು ಪ್ರದೇಶದ ವಸ್ತುವಿನ ಹೆಸರನ್ನು ಅಲ್ಲಿನವರಿಗೇ ಮೀಸಲಿಡುವ ಮೊಹರಿನ, ಮಾನ್ಯತೆ ದೊರಕಿತು. ಇಲ್ಲಿ ನನಗೆ ಮುಖ್ಯವೆನಿಸುವುದು ಆ ಕ್ರಮ. ಮೊದಲು ಗಿಡದ ಬಗ್ಗೆ ಯೋಚಿಸಿದರು, ಮೊಹರಿನ ಬಗ್ಗೆ ಯೋಚಿಸಿದ್ದು ಆಮೇಲೆ. ಎಷ್ಟೋ ಕಡೆ ಭೌಗೋಳಿಕ ಸೂಚಕದ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿರುತ್ತದೆ, ಹೆಣೆಯುವವರಿಗೆ ಅದರ ಹೆಸರನ್ನು ಬಳಸುವ ವಿಧಾನವೂ ಗೊತ್ತಿರುವುದಿಲ್ಲ.

ಗಿಡದಿಂದಲೇ ಆರಂಭಿಸಿದ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಜಪಾನಿನ ಓಕಿನಾವ ದ್ವೀಪದಲ್ಲಿ ಕಾಡುಬಾಳೆಯ ನಾರಿನಿಂದ ನೇಯುವ ಬಾಶೋಫು ಎಂಬ ಬಟ್ಟೆ ಎರಡನೆಯ ಮಹಾಯುದ್ಧದ ನಂತರ ಹೆಚ್ಚುಕಡಿಮೆ ನಿಂತೇಹೋಗಿತ್ತು. ಬಾಳೆಯ ತೋಟಗಳಲ್ಲಿ ಸೊಳ್ಳೆಗಳು ಬೆಳೆಯುತ್ತವೆಂದು ಅಮೆರಿಕದ ಸೇನೆ ಗಿಡಗಳನ್ನು ಕಡಿಸಿಹಾಕಿತ್ತು. ಕಿಜೋಕ ಎಂಬ ಹಳ್ಳಿಯ ಟೈರಾ ತೊಶಿಕೊ ಯುದ್ಧದ ನಂತರ ಊರಿಗೆ ಹಿಂದಿರುಗಿ ಗಿಡಗಳನ್ನು ಬೆಳೆಸುವುದರಿಂದ ಕೆಲಸ ಶುರುಮಾಡಿದರು. ಕಾಡುಬಾಳೆ ನಾರಿಗೆ ಒದಗಲು ಸುಮಾರು ಮೂರು ವರ್ಷ ಬೇಕು. ಕಾಂಡದ ಹೊರಪದರಗಳ ನಾರು ಒರಟು, ಒಳಪದರಗಳದು ನಯ. ಅವನ್ನು ಬೇರೆ ಬೇರೆಯಾಗಿ ವಿಂಗಡಿಸಿ, ಬೂದಿಯ ತಿಳಿನೀರಿನಲ್ಲಿ ಕುದಿಸಿ, ಬಿದಿರಿನ ಚಿಮಟದಿಂದ ಸವರಿ ನಾರು ತೆಗೆದು, ಎಳೆಗೆ ಎಳೆ ಗಂಟುಹಾಕಿ ನೂಲಾಗಿಸಬೇಕು. ಒಂದು ಕಿಮೋನೊಗೆ ಸಾಕಾಗುವಷ್ಟು ಬಟ್ಟೆಗೆ ಸುಮಾರು 200 ಗಿಡಗಳು ಬೇಕೆಂದು ಹೇಳುತ್ತಾರೆ. ಜಪಾನ್ ಸರ್ಕಾರ 1974ರಲ್ಲಿ ಕಿಜೋಕದ ಈ ಕಲೆಗೆ ಮಹತ್ವದ ಅಮೂರ್ತ ಸಾಂಸ್ಕೃತಿಕ ಸಂಪತ್ತಿನ ಸ್ಥಾನ ನೀಡಿತು. 2000ದಲ್ಲಿ ತೊಶಿಕೊ ಅವರಿಗೇ 'ಜೀವಂತ ರಾಷ್ಟ್ರೀಯ ನಿಧಿ'ಯೆಂಬ ಗೌರವ ಸಂದಿತು. 2022ರಲ್ಲಿ, 101ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಗ್ಗದ ಮುಂದೆ ಕುಳಿತ ಅವರ ಚಿತ್ರಗಳಿಗಿಂತ ಎಳೆಗಳಿಗೆ ಗಂಟುಹಾಕುತ್ತಿರುವ ಚಿತ್ರಗಳು ನನಗೆ ಹೆಚ್ಚು ಇಷ್ಟ. ಆ ಕಲೆಯ ಹೆಚ್ಚಿನ ಹೊತ್ತು ಕಳೆಯುವುದೇ ಅಲ್ಲಿ.

ಗಿಡವನ್ನು ಉಳಿಸಿಕೊಳ್ಳುವುದು ಸಾಧ್ಯವಾಗದಿದ್ದರೆ ಗಿಡವನ್ನು ಬದಲಿಸಬಹುದೇ? ಶುದ್ಧಾಚಾರಿಗಳು ಒಪ್ಪದಿರಬಹುದು, ಆದರೆ ನಾನು ಒಪ್ಪುತ್ತೇನೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಬಿದಿರು ದುರ್ಲಭವಾದಾಗ, ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನೊಂದಿಗೆ ಸೋಲಿಗರೂ ಇತರರೂ ಲಂಟಾನದಿಂದ ಪೀಠೋಪಕರಣ, ಬುಟ್ಟಿಗಳನ್ನು ಮಾಡಲು ಕಲಿತರು. ಅಲಂಕಾರದ ಗಿಡವಾಗಿ 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದು ಕಾಡನ್ನೆಲ್ಲ ಆವರಿಸಿಕೊಂಡ ಈ ಕಳೆಯ ಕೋಲನ್ನು ಬೇಯಿಸಿ ತೊಗಟೆ ಸುಲಿದರೆ ಅದು ಬೆತ್ತದಂತೆ ಬಾಗುತ್ತದೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಇದೇ ಲಂಟಾನದಿಂದ ಮಾಡಿದ ಆಳೆತ್ತರಕ್ಕೂ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಕೈಗೆ ಗೊತ್ತಿರುವ ವಿದ್ಯೆ ಒಂದು ನಾರಿನಿಂದ ಇನ್ನೊಂದಕ್ಕೆ ದಾಟಬಲ್ಲದು. ಆದರೆ ಹುಲ್ಲಿನ ಬದಲು ಪ್ಲಾಸ್ಟಿಕ್ ಪಟ್ಟಿಯಿಂದ ಹೆಣೆಯುವುದನ್ನು ಈ ಸಾಲಿಗೆ ಸೇರಿಸಲಾರೆ; ಅಲ್ಲಿ ಹೆಣಿಗೆ ಉಳಿಯುತ್ತದೆ, ಅದಕ್ಕೆ ಮುಂಚಿನ ತಿಳಿವಳಿಕೆಯೆಲ್ಲ ಅಳಿಯುತ್ತದೆ. ಹಾಗೆಂದು ಪ್ಲಾಸ್ಟಿಕ್ ಪಟ್ಟಿಯ ಕಡೆಗೆ ಹೊರಳಿದವರನ್ನು ದೂಷಿಸುವ ಧೈರ್ಯ ನನಗಿಲ್ಲ. ಅದು ಮಳೆಗಾಲದಲ್ಲೂ ಸಿಗುತ್ತದೆ, ಬೂಷ್ಟು ಹಿಡಿಯುವುದಿಲ್ಲ, ಮತ್ತು ನನ್ನಂತಹ ಗಿರಾಕಿಗಳ ದಿನಾಂಕಕ್ಕೆ ಒಗ್ಗುತ್ತದೆ.

ನೆರವಿನ ಹೆಸರಿನಲ್ಲಿ ನಡೆಯುವ ತರಬೇತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಲವತ್ತು ವರ್ಷ ಹೆಣೆದವರಿಗೆ ಮೂರು ದಿನದಲ್ಲಿ ಹೆಣಿಗೆ ಕಲಿಸಿ ಪ್ರಮಾಣಪತ್ರ ಕೊಡುವ ಒಂದು ಶಿಬಿರವನ್ನು ನೋಡಿದ ಮೇಲೆ ಆ ವಿಷಯದಲ್ಲಿ ನನ್ನ ನಾಲಗೆ ಸ್ವಲ್ಪ ಕಹಿಯಾಗಿದೆ. ಅದೇ ಹಣದಲ್ಲಿ ಮಳೆಗಾಲಕ್ಕೆ ಹುಲ್ಲು ಪೇರಿಸಿಡಲು ನೆಲದಿಂದ ಎತ್ತರಿಸಿದ ಅಟ್ಟವಿರುವ, ಗಾಳಿಯಾಡುವ ಒಂದು ಕೊಟ್ಟಿಗೆಯನ್ನು ಕಟ್ಟಬಹುದಿತ್ತು. ಒಣಗಿದ ಹುಲ್ಲು ವರ್ಷವಿಡೀ ಕೈಯಲ್ಲಿದ್ದರೆ ಹೆಣೆಯುವವರು ಮಳೆಗಾಲದಲ್ಲೂ ದುಡಿಯಬಲ್ಲರು, ಅವಸರದ ಗಿರಾಕಿಗೆ ಹಸಿ ಹುಲ್ಲಿನಲ್ಲಿ ಹೆಣೆದುಕೊಡಬೇಕಾದ ಸಂಕಟವೂ ಇರುವುದಿಲ್ಲ. ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ಹಣವಿಲ್ಲದೆ ಹುಲ್ಲನ್ನು ವ್ಯಾಪಾರಿಯಿಂದ ಸಾಲಕ್ಕೆ ತಂದು, ಸಾಲ ಕೊಟ್ಟವನಿಗೇ ಬುಟ್ಟಿಯನ್ನು ಅವನು ಹೇಳಿದ ದರಕ್ಕೆ ಕೊಡುವ ಕಟ್ಟುಪಾಡನ್ನು ಬಿಡಿಸಲು ಬೇಕಾದದ್ದೂ ದೊಡ್ಡ ಯೋಜನೆಯಲ್ಲ. ಸರಿಯಾದ ತಿಂಗಳಿನಲ್ಲಿ ಕೊಟ್ಟ ಮುಂಗಡ. ಬುಟ್ಟಿ ತಯಾರಾದ ಮೇಲೆ ಕೊಡುವ ಪೂರ್ತಿ ಹಣಕ್ಕಿಂತ ಕೊಯ್ಲಿಗೆ ಮೊದಲು ಕೊಟ್ಟ ಅರ್ಧ ಹಣ ಅವರಿಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ.

ಕೊಳ್ಳುವವರು ಕಲಿಯಬೇಕಾದ ವಿದ್ಯೆಯೂ ಇದೆ. ಈಕ್ವೆಡಾರ್‌ನ ಟೊಕಿಯಾ ಗರಿಯ ಟೋಪಿ, ಪನಾಮಾ ಮೂಲಕ ಸಾಗಿದ್ದರಿಂದ ಜಗತ್ತೆಲ್ಲ ಪನಾಮಾ ಟೋಪಿಯೆಂದು ಕರೆಯುವ ಆ ಟೋಪಿ, ಹೆಣಿಗೆಯ ನಯಕ್ಕೆ ತಕ್ಕಂತೆ ಒಂದು ದಿನದಲ್ಲೂ ಮುಗಿಯಬಹುದು, ಎಂಟು ತಿಂಗಳೂ ಹಿಡಿಯಬಹುದು. ಎರಡನ್ನೂ ದೂರದಿಂದ ನೋಡಿದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಎಳೆಗಳನ್ನು ಹತ್ತಿರದಿಂದ ಎಣಿಸಿ ನೋಡುವ ಅಭ್ಯಾಸವಿಲ್ಲದ ಗಿರಾಕಿ ಎಂಟು ತಿಂಗಳಿನ ಕೆಲಸಕ್ಕೂ ಒಂದು ದಿನದ ಬೆಲೆಯನ್ನೇ ಮನಸ್ಸಿನಲ್ಲಿ ಕಟ್ಟುತ್ತಾನೆ. ನಾನು ಈಗ ಯಾವ ಬುಟ್ಟಿಯನ್ನು ಕೈಗೆತ್ತಿಕೊಂಡರೂ ಮೊದಲು ಮಗುಚಿ ತಳವನ್ನು ನೋಡುತ್ತೇನೆ, ಆರಂಭದ ಸುತ್ತು ಬಿಗಿಯಾಗಿದೆಯೇ, ಎಳೆಗಳ ದಪ್ಪ ಒಂದೇ ಸಮನಾಗಿದೆಯೇ ಎಂದು ಬೆರಳಾಡಿಸುತ್ತೇನೆ, ಮೂಸಿಯೂ ನೋಡುತ್ತೇನೆ. ಚೆನ್ನಾಗಿ ಒಣಗಿದ ಹುಲ್ಲಿಗೆ ಒಂದು ವಾಸನೆಯಿದೆ, ಹಸಿಯಾಗಿ ಹೆಣೆದದ್ದಕ್ಕೆ ಇನ್ನೊಂದು. ಅದನ್ನು ನಾನು ಕಲಿತದ್ದು 60 ಬುಟ್ಟಿಗಳ ಖರ್ಚಿನಲ್ಲಿ.

ಎರಡನೆಯ ಸಲ ಅದೇ ಗುಂಪಿಗೆ ಕೆಲಸ ಕೊಟ್ಟಾಗ ಕಾಗದದಲ್ಲಿ ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದೆ. ಆ ಹಿರಿಯರು ಮೊಮ್ಮಗಳ ಕೈಯಲ್ಲಿ ಅಲ್ಲಿ ಬರೆಸಿದ್ದು ತಾರೀಖನ್ನಲ್ಲ, 'ಹುಲ್ಲು ಒಣಗಿದ ಮೇಲೆ' ಎಂಬ ಮೂರು ಮಾತುಗಳನ್ನು. ಕೊಯ್ಲಿಗೆ ಮೊದಲೇ ಅರ್ಧ ಹಣ ಕೊಟ್ಟಿದ್ದೆ. ಬುಟ್ಟಿಗಳು ಬಂದದ್ದು ನಾನು ಊಹಿಸಿದ್ದಕ್ಕಿಂತ ಒಂದೂವರೆ ತಿಂಗಳು ತಡವಾಗಿ. ಎತ್ತರದಲ್ಲಿ ಒಂದಕ್ಕೊಂದು ಬೆರಳಿನಷ್ಟು ವ್ಯತ್ಯಾಸವಿತ್ತು, ಸೆಂಟಿಮೀಟರಿನ ಕಾಗದವನ್ನು ನಾನು ಈ ಸಲ ಕೊಟ್ಟಿರಲಿಲ್ಲ. ಅವುಗಳಲ್ಲಿ ಒಂದು ಇಂದಿಗೂ ನನ್ನ ಮೇಜಿನ ಪಕ್ಕದಲ್ಲಿದೆ, ಕಾಗದಪತ್ರಗಳ ಭಾರಕ್ಕೆ ಇತ್ತೀಚೆಗೆ ಅದರ ಅಂಚಿನ ಕಟ್ಟು ಒಂದು ಕಡೆ ಸಡಿಲವಾಗಿದೆ. ದುರಸ್ತಿ ಮಾಡಿಕೊಡುವಿರಾ ಎಂದು ಕೇಳಿದ್ದಕ್ಕೆ, ಮುಂದಿನ ಕೊಯ್ಲಿನ ಹುಲ್ಲು ಮನೆ ಸೇರಿದ ಮೇಲೆ ಕಳುಹಿಸಿ, ಹಳೆಯ ಎಳೆಗೆ ಹೊಂದುವ ದಪ್ಪದ್ದನ್ನು ಆರಿಸಿಡುತ್ತೇವೆ ಎಂದಿದ್ದಾರೆ.